ಸಿಪ್ಪೆ ಕುಂಡಕ್ಕೆ ಹೋಗುವ ಮೊದಲು: ಮುಂಬೈ ಫ್ಲ್ಯಾಟಿನ ಗ್ಯಾಲರಿಯಲ್ಲಿ ಅಡುಗೆಮನೆ ಗೊಬ್ಬರ

ಬಾಳೆಹಣ್ಣಿನ ಸಿಪ್ಪೆ ಗುಲಾಬಿ ಬುಡದಲ್ಲಿ ಹೂತರೆ ಮೈತುಂಬ ಹೂವು ಬರುತ್ತದೆ, ಈರುಳ್ಳಿ ಸಿಪ್ಪೆ ನೆನೆಸಿದ ನೀರು ಹಾಕಿದರೆ ಒಣಗಿದ ಗಿಡ ಚಿಗುರುತ್ತದೆ, ಮೊಟ್ಟೆ ಚಿಪ್ಪು ಹಾಕಿದರೆ ಟೊಮೆಟೊ ಕೊಳೆಯುವುದೇ ಇಲ್ಲ. ಇಂಥವು ವಾಟ್ಸಾಪ್‌ನಲ್ಲಿ ದಿನಾ ಬರುತ್ತವೆ ಅಲ್ವಾ? ಚೆಂಬೂರು, ಮಾಟುಂಗಾ, ಡೊಂಬಿವಲಿ ಎಲ್ಲೇ ಹೋಗಿ, ನಮ್ಮ ಕನ್ನಡದವರ ಮನೆಯ ಗ್ರಿಲ್‌ನಲ್ಲಿ ಒಂದು ತುಳಸಿ, ಒಂದು ಕರಿಬೇವು, ಒಂದು ದೊಡ್ಡಪತ್ರೆ ಇದ್ದೇ ಇರುತ್ತದೆ, ಬಿಸಿಲು ಚೆನ್ನಾಗಿ ಬಿದ್ದರೆ ಬಸಳೆ ಬಳ್ಳಿಯೂ ಇರುತ್ತದೆ. ಆದರೆ ಕುಂಡದ ಮಣ್ಣು ವರ್ಷಗಟ್ಟಲೆ ಅದೇ. ಗಟ್ಟಿಯಾಗಿ, ಬಿರುಕು ಬಿಟ್ಟು, ನೀರು ಹಾಕಿದರೆ ಅಂಚಿನಿಂದ ಇಳಿದು ಹೋಗುತ್ತಿರುತ್ತದೆ. ಅದೇ ಮನೆಯಿಂದ ಬೆಳಿಗ್ಗೆ ಅರ್ಧ ಬಕೆಟ್ ಸಿಪ್ಪೆ ಓಲಾ ಕಚರಾ, ಅಂದರೆ ಹಸಿ ಕಸದ ಡಬ್ಬಕ್ಕೆ ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಹಸಿ ಸಿಪ್ಪೆಯನ್ನು ನೇರ ಕುಂಡಕ್ಕೆ ಹಾಕಬೇಡಿ. ಅದು ಒಂದು ಡಬ್ಬದಲ್ಲಿ ಒಣ ಎಲೆ ಜೊತೆ ಕೊಳೆತು ಗೊಬ್ಬರವಾಗಲಿ, ಆಮೇಲೆ ಕುಂಡಕ್ಕೆ ಬರಲಿ. ಈ ಕೆಲಸದಲ್ಲಿ ಸಿಪ್ಪೆಗಿಂತ ಒಣ ಎಲೆಯೇ ದೊಡ್ಡದು. ಸಿಪ್ಪೆ ಎಲ್ಲರ ಮನೆಯಲ್ಲೂ ದಿನಾ ಸಿಗುತ್ತದೆ, ಒಣ ಎಲೆಯನ್ನು ಮಾತ್ರ ಹೋಗಿ ತರಬೇಕು, ಕೂಡಿಡಬೇಕು. ತಂದಿಟ್ಟುಕೊಂಡವರ ಡಬ್ಬ ನಾರುವುದಿಲ್ಲ.

ನೇರ ಹಾಕಿದರೆ ಏನಾಗುತ್ತದೆ

ಊರಿನ ತೋಟದಲ್ಲಿ ತೆಂಗಿನ ಬುಡಕ್ಕೆ ಸಿಪ್ಪೆ ಎಸೆದರೆ ಏನೂ ತೊಂದರೆ ಇಲ್ಲ. ಅಲ್ಲಿ ಜಾಗ ಇದೆ, ಗಾಳಿ ಇದೆ, ಎರೆಹುಳು ಇವೆ. ಹತ್ತು ಇಂಚಿನ ಕುಂಡದಲ್ಲಿ ಬೇರೇ ತುಂಬಿಕೊಂಡಿರುತ್ತದೆ. ಅದರ ನಡುವೆ ಹಸಿ ಸಿಪ್ಪೆ ಹೂತಾಗ ಅದನ್ನು ಕೊಳೆಸಲು ಬರುವ ಸೂಕ್ಷ್ಮಜೀವಿಗಳು ಸುತ್ತಲಿನ ಗಾಳಿ ಬಳಸುತ್ತವೆ, ಸಿಪ್ಪೆಯಲ್ಲಿ ಸಾರಜನಕ ಕಡಿಮೆ ಇದ್ದರೆ ಮಣ್ಣಿನಲ್ಲಿರುವುದನ್ನೂ ತೆಗೆದುಕೊಳ್ಳುತ್ತವೆ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಶ್ ಚೆನ್ನಾಗಿದೆ, ಸಾರಜನಕ ಕಡಿಮೆ. ಹಾಗಾಗಿ ಗೊಬ್ಬರ ಹಾಕಿದೆವು ಅಂದುಕೊಂಡ ಗಿಡದ ಎಲೆ ಕೆಲವು ದಿನ ಹಳದಿಯಾಗಬಹುದು. ಜೊತೆಗೆ ಹಣ್ಣಿನ ನೊಣ, ಜಿರಳೆ, ಕುಂಡ ಕೆದರುವ ಪಾರಿವಾಳ. ನೆಲಮಹಡಿಯಲ್ಲಿದ್ದರೆ ಹೆಗ್ಗಣ ಬಂದೇ ಬರುತ್ತದೆ.

ಹಾಗಂತ ಕಚರಾ ಗಾಡಿಗೇ ಕೊಟ್ಟುಬಿಡೋಣ ಅಂದರೂ ಸಮಾಧಾನವಿಲ್ಲ. ಚೆಂಬೂರಿನ ಕಡೆ ಇರುವವರಿಗೆ ದೇವನಾರ್ ಕಸದ ಗುಡ್ಡದ ಬಗ್ಗೆ ಬೇರೆ ಹೇಳಬೇಕಿಲ್ಲ. 1927ರಿಂದ ಮುಂಬೈಯ ಕಸ ಬಂದು ಬಿದ್ದ ಜಾಗ ಅದು. 2016ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ದಿನಗಟ್ಟಲೆ ಊರಿಗೆ ಹೊಗೆ ಕವಿದಿತ್ತು. ಹಸಿ ಕಸ ಗಾಳಿಯಿಲ್ಲದೆ ಅಡಿಯಲ್ಲಿ ಕೊಳೆತರೆ ಮಿಥೇನ್ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ನಮ್ಮ ಮನೆಯ ಹೀರೇಕಾಯಿ ಸಿಪ್ಪೆ ಅಲ್ಲಿಗೆ ಹೋಗುವುದು ತಪ್ಪಿದರೆ ಅಷ್ಟು ಒಳ್ಳೆಯದೇ.

ಅಂದಹಾಗೆ ಹೀರೇಕಾಯಿ ಸಿಪ್ಪೆ ಅಂದೆನಲ್ಲ, ಅದಕ್ಕೆ ಮೊದಲ ಹಕ್ಕು ಚಟ್ನಿಯದು. ಎಳೆ ಬಾಳೆಕಾಯಿ ಸಿಪ್ಪೆ ಪಲ್ಯಕ್ಕೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಕಿತ್ತಳೆ ಸಿಪ್ಪೆ ಗೊಜ್ಜಿಗೆ. ನಮ್ಮ ಅಜ್ಜಿಯಂದಿರು ಗೊಬ್ಬರಕ್ಕೆ ಬಿಟ್ಟದ್ದು ತೀರ ಕಡಿಮೆ. ಮನುಷ್ಯರು ತಿನ್ನಬಹುದಾದ್ದನ್ನು ತಿಂದು ಉಳಿದದ್ದು ಡಬ್ಬಕ್ಕೆ.

ಒಣ ಎಲೆ ಎಲ್ಲಿ, ಯಾವಾಗ

ಒಳ್ಳೆಯ ಗೊಬ್ಬರಕ್ಕೆ ಇಂಗಾಲ ಮತ್ತು ಸಾರಜನಕ ಒಂದು ಹದದಲ್ಲಿ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ. ತರಕಾರಿ ಸಿಪ್ಪೆಯಲ್ಲಿ ಇಂಗಾಲದ ಪಾಲು ಇದಕ್ಕಿಂತ ಕಡಿಮೆ, ಒಣ ಎಲೆಯಲ್ಲಿ ಜಾಸ್ತಿ. ಎರಡೂ ಸೇರಿದರೆ ಹದ ಕೂಡುತ್ತದೆ. ಈ ಲೆಕ್ಕ ನೆನಪಿರಬೇಕಿಲ್ಲ, ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಪುಡಿ ಮಾಡಿದ ಒಣ ಎಲೆ ಅಂತ ಇಟ್ಟುಕೊಳ್ಳಿ, ಸಾಕು. ಎಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸಿಪ್ಪೆಯ ನೀರನ್ನು ಹೀರುತ್ತದೆ, ಸಿಪ್ಪೆ ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ನಡುವೆ ಗಾಳಿ ಉಳಿಸುತ್ತದೆ.

ಮುಂಬೈಯಲ್ಲಿ ಎಲೆ ಉದುರುವ ಕಾಲ ಫೆಬ್ರವರಿಯಿಂದ ಏಪ್ರಿಲ್. ಮಳೆ ಮರ, ಅರಳಿ, ಗುಲ್‌ಮೊಹರ್ ಎಲ್ಲ ಆಗ ಉದುರಿಸುತ್ತವೆ. ಕಾಡು ಬಾದಾಮಿಯ ದೊಡ್ಡ ಕೆಂಪು ಎಲೆ ಜನವರಿಯಿಂದಲೇ ಶುರು. ಆ ಮೂರು ತಿಂಗಳಲ್ಲಿ ಪ್ರತಿ ಸೊಸೈಟಿಯ ಅಂಗಳದಲ್ಲೂ ಬೆಳಿಗ್ಗೆ ಎಲೆ ರಾಶಿ ಬೀಳುತ್ತದೆ. ಮಾಲಿಗೋ ವಾಚ್‌ಮನ್‌ಗೋ ಒಂದು ಖಾಲಿ ಅಕ್ಕಿ ಚೀಲ ಕೊಟ್ಟು "ಭಯ್ಯಾ, ಸೂಖಾ ಪತ್ತಾ ಇಸ್ಮೆ ಡಾಲ್ ದೇನಾ" ಅಂದರೆ ಖುಷಿಯಿಂದ ತುಂಬಿ ಕೊಡುತ್ತಾರೆ. ಹೊರುವ ಕೆಲಸ ಅವರಿಗೆ ಅಷ್ಟು ಕಡಿಮೆಯಾಯಿತು. ಗುಟ್ಕಾ ಪ್ಯಾಕೆಟ್, ಪ್ಲಾಸ್ಟಿಕ್ ಚೂರು ಆರಿಸಿ ತೆಗೆಯಿರಿ. ಬಿಸಿಲಿಗೆ ಹರವಿ ಗರಿಗರಿ ಮಾಡಿ, ಚೀಲದೊಳಗೇ ತುಳಿದು ಪುಡಿ ಮಾಡಿ ಕಟ್ಟಿಡಿ. ಬಾದಾಮಿ, ಮಾವು, ಹಲಸಿನ ಎಲೆ ದಪ್ಪ. ಪುಡಿ ಮಾಡದೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ. ಗುಲ್‌ಮೊಹರ್, ಮಳೆ ಮರದ ಸಣ್ಣ ಎಲೆಗೆ ಆ ಕಷ್ಟವೇ ಇಲ್ಲ, ನನಗೆ ಅವೇ ಇಷ್ಟ.

ನಾಲ್ಕು ಜನರ ಮನೆಗೆ ಮಳೆಗಾಲ ದಾಟಲು ದೊಡ್ಡ ಅಕ್ಕಿ ಚೀಲದಲ್ಲಿ ನಾಲ್ಕು ಚೀಲ ಪುಡಿ ಎಲೆ ಇದ್ದರೆ ಧಾರಾಳ. ಇಷ್ಟು ಜಾಗ ಎಲ್ಲಿದೆ ಅಂತ ಕೇಳುತ್ತೀರಿ, ಗೊತ್ತು. ಸೊಸೈಟಿ ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ, ಮಳೆ ಬೀಳದ ಮೂಲೆಯಲ್ಲಿ ಇಡಲು ಸೆಕ್ರೆಟರಿಯನ್ನು ಕೇಳಿ ನೋಡಿ. ಅದೂ ಆಗದಿದ್ದರೆ ಬೇರೆ ದಾರಿ ಇದೆ. ಹಳೆ ಪೇಪರನ್ನು ಚೂರು ಮಾಡಿ ಹಾಕಬಹುದು, ಆದರೆ ಹೊಳೆಯುವ ಪುರವಣಿ ಬೇಡ. ಮೊಟ್ಟೆ ಟ್ರೇ, ರಟ್ಟಿನ ಪೆಟ್ಟಿಗೆ ಒಳ್ಳೆಯದು, ಅಂಟುಪಟ್ಟಿ ಕಿತ್ತು ತೆಗೆದು ಹರಿದು ಹಾಕಿ. ಬಡಗಿಯ ಹತ್ತಿರದ ಮರದ ಹೊಟ್ಟು ಆಗುತ್ತದೆ, ಅದು ನಿಜವಾದ ಮರದ್ದೇ ಆಗಿರಬೇಕು. ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಇರುತ್ತದೆ, ಬೇಡ. ಮರದ ಹೊಟ್ಟಿನಲ್ಲಿ ಇಂಗಾಲ ವಿಪರೀತ, ಎಲೆಗಿಂತ ಕಡಿಮೆ ಹಾಕಿ. ಕಬ್ಬಿನ ರಸದ ಅಂಗಡಿಯಲ್ಲಿ ಹಿಂಡಿ ಬಿಟ್ಟ ಸಿಪ್ಪೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಬಿಸಿಲಿಗೆ ಪೂರ್ತಿ ಒಣಗಿಸಿ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಇರುವೆ ಸಾಲುಗಟ್ಟುತ್ತವೆ. ಯಾವುದೂ ಸಿಗದಿದ್ದರೆ ನರ್ಸರಿಯ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ.

ಡಬ್ಬ ಸಿದ್ಧ ಮಾಡುವುದು

ಬೆಂಗಳೂರಿನ ಡೈಲಿ ಡಂಪ್‌ನವರ ಮೂರು ಅಂತಸ್ತಿನ ಮಣ್ಣಿನ ಮಡಕೆಯನ್ನು ಕೆಲವರು ತರಿಸಿಕೊಳ್ಳುತ್ತಾರೆ. ನೋಡಲು ಚಂದ, ಮಣ್ಣು ಉಸಿರಾಡುತ್ತದೆ, ಕೆಲಸವೂ ಚೆನ್ನಾಗಿ ಮಾಡುತ್ತದೆ. ಆದರೆ ಶುರು ಮಾಡುವವರಿಗೆ 20 ಲೀಟರಿನ ಎರಡು ಖಾಲಿ ಪೇಂಟ್ ಡಬ್ಬ ಸಾಕು ಅಂತ ನನ್ನ ಅಭಿಪ್ರಾಯ. ಒಂದು ತುಂಬಿ ಕೂತಾಗ ಇನ್ನೊಂದು ಕೆಲಸಕ್ಕೆ. ಎರಡು ಡಬ್ಬ ಬೇಕೇ ಬೇಕು. ಒಂದೇ ಇದ್ದರೆ ಮೇಲೆ ಹಸಿ, ಕೆಳಗೆ ಅರೆಬೆಂದದ್ದು, ಯಾವಾಗಲೂ ಅರ್ಧಂಬರ್ಧವೇ.

ಡಬ್ಬವನ್ನು ಚೆನ್ನಾಗಿ ತೊಳೆದು ಒಣಗಿಸಿ. ತಳದಲ್ಲಿ ಎಂಟು ಹತ್ತು ತೂತು, ಸುತ್ತ ಮೇಲಿಂದ ಕೆಳಗೆ ಗೇಣಿಗೊಂದರಂತೆ ತೂತು. ಡ್ರಿಲ್ ಇದ್ದರೆ ಸುಲಭ, ಇಲ್ಲದಿದ್ದರೆ ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ ಚುಚ್ಚಿ. ಪ್ಲಾಸ್ಟಿಕ್ ಹೊಗೆ ಬರುತ್ತದೆ, ಕಿಟಕಿ ತೆರೆದಿಟ್ಟೇ ಮಾಡಿ. ಒಳಗಿನಿಂದ ಹಳೆ ಸೊಳ್ಳೆ ಪರದೆಯ ತುಂಡು ಅಂಟಿಸಿದರೆ ನೊಣ, ಜಿರಳೆ ನುಗ್ಗುವುದಿಲ್ಲ.

ಡಬ್ಬವನ್ನು ಎರಡು ಇಟ್ಟಿಗೆಯ ಮೇಲಿಟ್ಟು ಕೆಳಗೆ ಒಂದು ತಟ್ಟೆ ಇಡಿ. ಈ ತಟ್ಟೆ ಮರೆಯಲೇಬೇಡಿ. ಮುಂಬೈಯಲ್ಲಿ ನಮ್ಮ ಗ್ರಿಲ್ಲಿನ ಕೆಳಗೆ ಯಾರದೋ ಬಟ್ಟೆ ಒಣಗುತ್ತಿರುತ್ತದೆ. ಒಗೆದ ಬಿಳಿ ಅಂಗಿಯ ಮೇಲೆ ಮೇಲಿನಿಂದ ಕಂದು ನೀರು ತೊಟ್ಟಿಕ್ಕಿದರೆ ಕೆಳಗಿನ ಮನೆ ಕಾಕು ಸುಮ್ನೆ ಬಿಡುತ್ತಾರೆಯೇ? ಡಬ್ಬವನ್ನು ಗ್ರಿಲ್ಲಿನ ಮೇಲೆ ಇಡದೆ ಗ್ಯಾಲರಿಯ ನೆಲದ ಮೇಲೆ, ನೇರ ಬಿಸಿಲು ಮಳೆ ಬೀಳದ ಕಡೆ ಇಡಿ. ತುಂಬಿದ ಡಬ್ಬ ಭಾರ, ಬಿದ್ದರೆ ಕೆಳಗೆ ಓಡಾಡುವವರ ಪ್ರಾಣದ ಮಾತು. ಕುಂಡಗಳಿಗೂ ಇದೇ ಎಚ್ಚರಿಕೆ.

ತಳಕ್ಕೆ ಮೂರು ಇಂಚು ಎಲೆ ಪುಡಿ ಹಾಕಿ. ತೆಂಗಿನ ಜುಂಗು ಇದ್ದರೆ ಅದನ್ನು ಬಿಡಿಸಿ ಎಲ್ಲಕ್ಕಿಂತ ಕೆಳಗೆ ಹಾಸಿ, ನೀರು ಬಸಿಯಲು ಒಳ್ಳೆಯದು. ಅದರ ಮೇಲೆ ಹೆಪ್ಪು. ಮೊಸರಿಗೆ ಹೆಪ್ಪು ಹಾಕುವ ಹಾಗೆ ಇಲ್ಲೂ ಸೂಕ್ಷ್ಮಜೀವಿಗಳನ್ನು ಒಳಗೆ ಬಿಡಬೇಕು. ಯಾರದಾದರೂ ಮನೆಯ ತಯಾರಾದ ಗೊಬ್ಬರ ಎರಡು ಹಿಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತಬೇಲಾದಿಂದ ಒಣಗಿದ ಸಗಣಿ ಪುಡಿ ತಂದರೂ ಆಗುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಮರದ ಬುಡದ ಮಣ್ಣು ಒಂದು ಹಿಡಿ ಮತ್ತು ಅರ್ಧ ಲೋಟ ಹುಳಿ ಮಜ್ಜಿಗೆ, ಉಪ್ಪು ಒಗ್ಗರಣೆ ಇಲ್ಲದ್ದು. ಅಂಗಡಿಯ ದುಬಾರಿ ಪುಡಿ ಇಲ್ಲದೆಯೂ ಎಲ್ಲ ಆಗುತ್ತದೆ, ಸ್ವಲ್ಪ ನಿಧಾನ ಅಷ್ಟೆ.

ದಿನದ ಕೆಲಸ

ಸಿಂಕಿನ ಪಕ್ಕ ತೂತಿನ ಬುಟ್ಟಿಯೊಂದರಲ್ಲಿ ಇಡೀ ದಿನದ ಸಿಪ್ಪೆ ಬೀಳಲಿ. ಸಂಜೆಯ ಹೊತ್ತಿಗೆ ನೀರು ಬಸಿದಿರುತ್ತದೆ. ದೊಡ್ಡದನ್ನೆಲ್ಲ ಒಂದು ಇಂಚಿನಷ್ಟಕ್ಕೆ ಕತ್ತರಿಸಿ. ಇಡೀ ಕಲ್ಲಂಗಡಿ ಸಿಪ್ಪೆ ಕೊಳೆಯಲು ಹಿಡಿಯುವ ಸಮಯಕ್ಕೂ ಚೂರು ಮಾಡಿದ್ದಕ್ಕೂ ತುಂಬ ವ್ಯತ್ಯಾಸವಿದೆ. ಡಬ್ಬಕ್ಕೆ ಹರಡಿ, ಅದರ ಎರಡರಷ್ಟು ಎಲೆ ಪುಡಿ ಮೇಲೆ ಹಾಕಿ, ಸಿಪ್ಪೆಯ ಒಂದು ಚೂರೂ ಕಾಣದಂತೆ ಮುಚ್ಚಿ. ಮುಚ್ಚಳ ಹಾಕಿ. ಎರಡು ನಿಮಿಷದ ಕೆಲಸ.

ನಾಲ್ಕು ದಿನಕ್ಕೊಮ್ಮೆ ಒಂದು ಸಣ್ಣ ಕೈಗುದ್ದಲಿಯಿಂದ ಮೇಲಿನ ಅರ್ಧ ಭಾಗ ತಿರುವಿ, ಒಳಗೆ ಗಾಳಿ ಹೋಗಲಿ. ಒದ್ದೆ ಎಷ್ಟಿದೆ ಅಂತ ತಿಳಿಯಲು ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಎಲೆ ಸೇರಿಸಿ, ಕೈ ಒದ್ದೆಯೇ ಆಗದಿದ್ದರೆ ನೀರು ಚಿಮುಕಿಸಿ. ಪುಣೆಯ ಒಣ ಹವೆಯಲ್ಲಿ, ಅದರಲ್ಲೂ ಮಾರ್ಚ್ ಏಪ್ರಿಲ್‌ನಲ್ಲಿ, ಡಬ್ಬ ಬೇಗ ಒಣಗುತ್ತದೆ. ಅಲ್ಲಿಯವರು ವಾರಕ್ಕೊಮ್ಮೆಯಾದರೂ ನೀರು ನೋಡಿಕೊಳ್ಳಬೇಕು. ಗೋವಾದಲ್ಲಿ ಹಿತ್ತಲು ಇರುವವರಿಗೆ ಡಬ್ಬವೇ ಬೇಡ, ಒಂದು ಮೊಳ ಆಳದ ಗುಂಡಿಯಲ್ಲಿ ಇದೇ ರೀತಿ ಪದರ ಪದರವಾಗಿ ಹಾಕಿ ಮೇಲೆ ಮಣ್ಣು ಮುಚ್ಚಿದರೆ ಆಯಿತು.

ಡಬ್ಬ ತುಂಬಿದ ಹಾಗೆ ಕಂಡರೂ ಕುಗ್ಗುತ್ತಾ ಹೋಗುತ್ತದೆ, ಹಾಗಾಗಿ ನಾವು ಎಣಿಸಿದ್ದಕ್ಕಿಂತ ಜಾಸ್ತಿ ದಿನ ಬರುತ್ತದೆ. ನಿಜವಾಗಿ ತುಂಬಿದ ಮೇಲೆ ಮೇಲೊಂದು ದಪ್ಪ ಎಲೆ ಪದರ ಹಾಕಿ ಪಕ್ಕಕ್ಕಿಡಿ. ಎರಡನೆಯದನ್ನು ಶುರು ಮಾಡಿ. ಪಕ್ಕಕ್ಕಿಟ್ಟದ್ದನ್ನು ವಾರಕ್ಕೊಮ್ಮೆ ತಿರುವುತ್ತಿದ್ದರೆ 45ರಿಂದ 60 ದಿನಕ್ಕೆ ಗೊಬ್ಬರ. ಕಪ್ಪು ಕಂದು ಬಣ್ಣ, ಮೊದಲ ಮಳೆಯ ಮಣ್ಣಿನ ವಾಸನೆ, ಯಾವ ಸಿಪ್ಪೆ ಯಾವುದು ಅಂತ ಗುರುತು ಸಿಗದಿರುವುದು, ಇಷ್ಟಿದ್ದರೆ ಆಯಿತು ಅಂತ. ಜರಡಿ ಹಿಡಿದು ದಪ್ಪದ್ದನ್ನು ಮತ್ತೆ ಹೊಸ ಡಬ್ಬಕ್ಕೆ ಹಾಕಿ, ಅದೇ ಮುಂದಿನ ಹೆಪ್ಪು.

ಏನು ಹಾಕಬೇಕು, ಏನು ಬೇಡ

ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಹಣ್ಣಿನ ಸಿಪ್ಪೆ ಬಗ್ಗೆ ಪ್ರಶ್ನೆಯೇ ಇಲ್ಲ. ಕೆಲವಕ್ಕೆ ಮಾತ್ರ ಎರಡು ಮಾತು ಬೇಕು.

ಹಾಪುಸ್ ಕಾಲದಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ, ಮನೆಯಲ್ಲಿ ಮಾವಿನ ಸಿಪ್ಪೆಯದೇ ರಾಜ್ಯ. ಸಿಪ್ಪೆ ಬೇಗ ಕೊಳೆಯುತ್ತದೆ, ಸಕ್ಕರೆ ಅಂಶ ಇರುವುದರಿಂದ ನೊಣವನ್ನೂ ಅಷ್ಟೇ ಬೇಗ ಕರೆಯುತ್ತದೆ. ಆಗ ಎಲೆ ಎರಡರಷ್ಟರ ಬದಲು ಮೂರರಷ್ಟು ಹಾಕಿ. ಗೊರಟು ಹಾಕಬೇಡಿ, ಅದು ಡಬ್ಬದಲ್ಲಿ ಕರಗುವ ವಸ್ತುವಲ್ಲ. ಹಲಸಿನ ರಚ್ಚೆಯನ್ನು ಸಣ್ಣಗೆ ಹೆಚ್ಚಿ ಹಾಕಬಹುದು, ಮುಳ್ಳು ಸಿಪ್ಪೆಗೆ ತಾಳ್ಮೆ ಬೇಕು. ಸೀತಾಫಲದ ಸಿಪ್ಪೆ ಒಳ್ಳೆಯದು, ಬೀಜ ಆರಿಸಿ ತೆಗೆಯಿರಿ. ಪಪಾಯಿ, ಟೊಮೆಟೊ, ಕುಂಬಳದ ಬೀಜ ಸಣ್ಣ ಡಬ್ಬದ ಬಿಸಿಗೆ ಸಾಯುವುದಿಲ್ಲ, ಆಮೇಲೆ ತುಳಸಿ ಕುಂಡದಲ್ಲಿ ಪಪಾಯಿ ಮೊಳೆಯುತ್ತದೆ.

ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆ ಸ್ವಲ್ಪ ಹಾಕಿ, ರಾಶಿ ಬೇಡ. ಹುಳಿ ಮತ್ತು ಎಣ್ಣೆ ಅಂಶದಿಂದ ಕೊಳೆಯುವುದು ನಿಧಾನವಾಗುತ್ತದೆ. ಎರೆಹುಳು ಸಾಕಿದ ಡಬ್ಬವಾದರೆ ಇವನ್ನೂ ಈರುಳ್ಳಿ ಬೆಳ್ಳುಳ್ಳಿಯನ್ನೂ ದೂರವಿಡಿ, ಎರೆಹುಳುಗಳಿಗೆ ಆಗುವುದಿಲ್ಲ.

ಕಾಫಿ ಚರಟ ನಮ್ಮ ಮನೆಗಳಲ್ಲಿ ದಿನಾ ಸಿಗುವ ಚಿನ್ನ. ಸುಮಾರು ನೂರಕ್ಕೆ ಎರಡು ಪಾಲು ಸಾರಜನಕ ಇದೆ, ಚಹಾದ ಚರಟದಲ್ಲಿ ಇನ್ನೂ ಹೆಚ್ಚು. ಕಾಫಿ ಚರಟ ಹುಳಿ, ಗಿಡ ಸುಟ್ಟುಹೋಗುತ್ತದೆ ಅನ್ನುತ್ತಾರಲ್ಲ, ಡಿಕಾಕ್ಷನ್ ಇಳಿದ ಮೇಲೆ ಅದರ ಹುಳಿ ಬಹುಪಾಲು ಹೋಗಿರುತ್ತದೆ. ಕುಂಡದ ಮೇಲೆ ದಪ್ಪಗೆ ಹರಡುವುದು ಮಾತ್ರ ತಪ್ಪು, ಒಣಗಿ ಹಪ್ಪಳದಂತೆ ಗಟ್ಟಿಯಾಗಿ ನೀರನ್ನು ಒಳಗೆ ಬಿಡುವುದಿಲ್ಲ. ಡಬ್ಬಕ್ಕೆ ಹಾಕಿ. ಚಹಾದ ಚರಟದಲ್ಲಿ ಹಾಲು ಸಕ್ಕರೆ ಇರುತ್ತದೆ, ಒಮ್ಮೆ ತೊಳೆದು ಹಾಕಿ. ಟೀ ಬ್ಯಾಗ್ ಆದರೆ ಒಡೆದು ಪುಡಿ ಮಾತ್ರ, ಚೀಲ ಹಲವು ಸಲ ಪ್ಲಾಸ್ಟಿಕ್‌ನದು.

ಮೊಟ್ಟೆ ಚಿಪ್ಪು ಬಹುಪಾಲು ಸುಣ್ಣದ ಅಂಶವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಕೈಯಲ್ಲಿ ಮುರಿದು ಹಾಕಿದರೆ ವರ್ಷವಾದರೂ ಅಲ್ಲೇ ಇರುತ್ತದೆ. ತೊಳೆದು ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಟೊಮೆಟೊ ಕಾಯಿಯ ತಳ ಕಪ್ಪಾಗುವುದಕ್ಕೆ ಇದೇ ಮದ್ದು ಅಂತ ನಂಬಬೇಡಿ. ಕುಂಡದಲ್ಲಿ ಅದಕ್ಕೆ ಮುಖ್ಯ ಕಾರಣ ನೀರು. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದರೆ ಮಣ್ಣಲ್ಲಿ ಸುಣ್ಣ ಇದ್ದರೂ ಗಿಡಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ದಿನಾ ಒಂದೇ ಹೊತ್ತಿಗೆ ಒಂದೇ ಅಳತೆ ನೀರು ಕೊಡಿ.

ದೇವರ ಹೂವು ಡಬ್ಬಕ್ಕೆ ಬರಲಿ, ದಾರ ಮತ್ತು ಜರಿ ತೆಗೆದು. ಗಣಪತಿ ಹಬ್ಬದ ಸಮಯ ಚೆಂಡುಹೂವು, ಗರಿಕೆ, ಪತ್ರೆ ರಾಶಿ ಬೀಳುತ್ತದೆ. ಒಂದು ದಿನ ಒಣಗಿಸಿ ಹಾಕಿದರೆ ಒದ್ದೆಯ ಕಾಟ ಇಲ್ಲ.

ಅನ್ನ, ಸಾಂಬಾರು, ಪಲ್ಯ, ಎಣ್ಣೆ, ಉಪ್ಪಿನಕಾಯಿ, ಹಾಲು ಬೇಡ. ಉಪ್ಪು ಕುಂಡದಲ್ಲಿ ಸೇರಿಕೊಂಡರೆ ಹೊರಗೆ ಹೋಗುವುದು ಕಷ್ಟ, ಎಣ್ಣೆ ಗಾಳಿ ತಡೆಯುತ್ತದೆ. ನಮ್ಮ ಕರಾವಳಿಯವರು ಕೇಳುವ ಪ್ರಶ್ನೆ: ಮೀನಿನದ್ದು? ಊರಲ್ಲಿ ಮೀನು ತೊಳೆದ ನೀರನ್ನು ಗಿಡದ ಬುಡಕ್ಕೆ ಹಾಕುವುದು ಗೊತ್ತಿರುವುದೇ, ಗಿಡಕ್ಕೆ ಒಳ್ಳೆಯದೂ ಹೌದು. ಆದರೆ ಫ್ಲ್ಯಾಟಿನ ಗ್ಯಾಲರಿಯಲ್ಲಿ ಬೇಡ. ಬೆಕ್ಕು, ಕಾಗೆ, ನೊಣ, ಪಕ್ಕದ ಮನೆಯವರ ದೂರು ಎಲ್ಲ ಒಟ್ಟಿಗೆ ಬರುತ್ತದೆ. ಹಿತ್ತಲಿದ್ದರೆ ಆಳವಾಗಿ ಹೂಳಿ.

ನಾತ, ಹುಳ, ನೊಣ

ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ. ಎಲ್ಲ ತಿರುವಿ, ಎಲೆ ಸೇರಿಸಿ, ಒಂದು ದಿನ ಮುಚ್ಚಳ ಓರೆ ಮಾಡಿಡಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಹಸಿ ಜಾಸ್ತಿ, ಆಗಲೂ ಎಲೆಯೇ ಮದ್ದು. ಬಿಳಿ ಬೂಷ್ಟು ಕಂಡು ಹೆದರಬೇಡಿ, ಅದು ಕೆಲಸ ಮಾಡುವ ಶಿಲೀಂಧ್ರ. ಇರುವೆ ಬಂದರೆ ಡಬ್ಬ ಒಣಗಿದೆ. ಸಣ್ಣ ನೊಣ ಹಾರಿದರೆ ಸಿಪ್ಪೆ ಎಲ್ಲೋ ಹೊರಗೆ ಕಾಣುತ್ತಿದೆ.

ಮಳೆಗಾಲದಲ್ಲಿ ಚಪ್ಪಟೆಯಾದ, ಬೂದು ಕಂದು ಬಣ್ಣದ ದಪ್ಪ ಹುಳಗಳು ಕಾಣುತ್ತವೆ. ಮುಂಬೈಯಲ್ಲಿ ತುಂಬ ಜನ ಈ ಹಂತದಲ್ಲೇ ಡಬ್ಬವನ್ನು ಎಸೆದುಬಿಡುತ್ತಾರೆ, ನನಗೆ ಅದು ಬೇಸರದ ವಿಷಯ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಕಚ್ಚುವುದಿಲ್ಲ, ಮನೆನೊಣದ ಹಾಗೆ ಬೆಳೆದ ಮೇಲೆ ನಮ್ಮ ಊಟದ ತಟ್ಟೆಗೆ ಮುತ್ತುವುದೂ ಇಲ್ಲ. ಸಿಪ್ಪೆಯನ್ನು ಅವು ತಿಂದು ಮುಗಿಸುವ ವೇಗ ನೋಡಬೇಕು. ಕಣ್ಣಿಗೆ ಆಗದಿದ್ದರೆ ಎಲೆ ಪುಡಿ ಜಾಸ್ತಿ ಹಾಕಿ ಒಣಗಲು ಬಿಡಿ, ಕಡಿಮೆಯಾಗುತ್ತವೆ. ಕೀಟನಾಶಕ ಮಾತ್ರ ಸಿಂಪಡಿಸಬೇಡಿ, ಅದೇ ಗೊಬ್ಬರ ನಾಳೆ ಕೊತ್ತಂಬರಿಗೆ ಹೋಗುವುದು.

ತಟ್ಟೆಗೆ ಇಳಿದ ಕಂದು ನೀರನ್ನು ದಿನಾ ಚೆಲ್ಲಿ ಅಥವಾ ನಾತ ಇಲ್ಲದಿದ್ದರೆ ಹತ್ತು ಪಾಲು ನೀರಿಗೆ ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಿ. ಸೊಪ್ಪಿಗೆ ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲೂ ನೀರು ನಿಲ್ಲಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಂಥ ಸ್ವಚ್ಛ ನೀರಲ್ಲೇ ಮೊಟ್ಟೆ ಇಡುತ್ತದೆ, ವಾರ ಹತ್ತು ದಿನದಲ್ಲಿ ಸೊಳ್ಳೆಯಾಗುತ್ತದೆ. ವಾರಕ್ಕೊಮ್ಮೆ ತಟ್ಟೆ ಖಾಲಿ ಮಾಡಿ ಉಜ್ಜಿ ಒಣಗಿಸಿ.

ನೀರಿನ ಮದ್ದುಗಳು

ನೆನೆಸಿದ ಸಿಪ್ಪೆ ನೀರು ಸುಳ್ಳಲ್ಲ. ಬಾಳೆ ಸಿಪ್ಪೆಯಿಂದ ಒಂದಿಷ್ಟು ಪೊಟ್ಯಾಶ್ ನೀರಿಗೆ ಬಿಡುತ್ತದೆ, ಈರುಳ್ಳಿ ಸಿಪ್ಪೆಯಿಂದಲೂ ಸ್ವಲ್ಪ. ಅದನ್ನು ಊಟ ಅಂದುಕೊಳ್ಳಬಾರದು ಅಷ್ಟೆ. ಒಂದು ದಿನ ನೆನೆಸಿ, ಸೋಸಿ, ಅಷ್ಟೇ ನೀರು ಬೆರೆಸಿ ಹಾಕಿ, ಸಿಪ್ಪೆಯನ್ನು ಡಬ್ಬಕ್ಕೆ ಹಾಕಿ. ವಾರಗಟ್ಟಲೆ ನೆನೆಸಿದರೆ ನಾತ ಮಾತ್ರ ಸಿಗುತ್ತದೆ.

ಅಕ್ಕಿ ಬೇಳೆ ತೊಳೆದ ನೀರು ಎಲ್ಲಕ್ಕಿಂತ ಸುಲಭ. ಅದೇ ದಿನ, ಹುಳಿ ಬರುವ ಮೊದಲು ಕರಿಬೇವಿಗೆ ಹಾಕಿ. ನಗರದಲ್ಲಿ ನೀರು ಉಳಿಸಿದ ಹಾಗೂ ಆಯಿತು.

ಮೂಸಂಬಿ ಕಿತ್ತಳೆ ಸಿಪ್ಪೆ ಜಾಸ್ತಿ ಇದ್ದರೆ ಬಯೋ ಎನ್ಜೈಮ್ ಮಾಡಿ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲು ಭಾಗ ಖಾಲಿ ಬಿಟ್ಟು. ಮೂರು ತಿಂಗಳು ಬೇಕು. ಮೊದಲ ತಿಂಗಳು ದಿನಾ ಮುಚ್ಚಳ ತೆರೆದು ಗ್ಯಾಸ್ ಬಿಡಿ, ಗಾಜಿನ ಬಾಟಲಿ ಬಳಸಬೇಡಿ, ಒಡೆಯಬಹುದು. ಇದು ನೆಲ ಒರೆಸಲು, ಸಿಂಕ್ ತೊಳೆಯಲು ಚೆನ್ನ. ಹುಳಿ ಜೋರಾಗಿರುವುದರಿಂದ ಗಿಡಕ್ಕೆ ಹಾಕುವುದಾದರೆ ಒಂದು ಲೀಟರ್ ನೀರಿಗೆ 2 ಮಿಲಿ ಸಾಕು.

ಕುಂಡಕ್ಕೆ ಹಾಕುವ ಹೊತ್ತು

ಹೊಸ ಕುಂಡಕ್ಕೆ ನರ್ಸರಿಯ ಕೆಂಪು ಮಣ್ಣು ನಾಲ್ಕು ಪಾಲು, ಗೊಬ್ಬರ ಮೂರು ಪಾಲು, ಕೋಕೋಪೀಟ್ ಮೂರು ಪಾಲು. ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು. ಈ ಮಿಶ್ರಣ ಹಗುರ, ಗ್ಯಾಲರಿಗೆ ಭಾರವಾಗುವುದಿಲ್ಲ. ಬರೀ ಗೊಬ್ಬರದಲ್ಲಿ ಬೀಜ ಬಿತ್ತಬೇಡಿ.

ಇರುವ ಗಿಡಕ್ಕೆ ಮೇಲಿನ ಒಂದು ಇಂಚು ಮಣ್ಣನ್ನು ಸಡಿಲಿಸಿ, ಹನ್ನೆರಡು ಇಂಚಿನ ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ ಬೆರೆಸಿ, ಕಾಂಡಕ್ಕೆ ತಾಗದಂತೆ. ಎಲ್ಲ ಗಿಡಕ್ಕೂ ಒಂದೇ ಅಳತೆ ಬೇಡ. ಬಸಳೆ, ತೊಂಡೆ, ಬದನೆ ಹಸಿದ ಗಿಡಗಳು, ಹದಿನೈದು ದಿನಕ್ಕೊಮ್ಮೆ ಕೊಟ್ಟರೂ ತಿನ್ನುತ್ತವೆ. ದೊಡ್ಡಪತ್ರೆ, ಲೋಳೆಸರಕ್ಕೆ ಮೂರು ತಿಂಗಳಿಗೊಮ್ಮೆ ಸಾಕು.

ಪರಿಣಾಮ ನಿಧಾನ, ಇದನ್ನು ಒಪ್ಪಿಕೊಂಡೇ ಶುರು ಮಾಡಬೇಕು. ಚೆಂಬೂರಿನ ಆರ್‌ಸಿಎಫ್‌ನ ಸುಫಲಾ ಎಂಬ ರಾಸಾಯನಿಕ ಗೊಬ್ಬರದ ಚೀಲದ ಮೇಲೆ 15:15:15 ಅಂತ ಇರುತ್ತದೆ, ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ತಲಾ ನೂರಕ್ಕೆ ಹದಿನೈದು ಪಾಲು. ಮನೆಯ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಆದರೆ ಮಣ್ಣು ಮೆತ್ತಗಾಗುವುದು, ನೀರು ಹಿಡಿದಿಟ್ಟುಕೊಳ್ಳುವುದು, ಬೇರಿಗೆ ಗಾಳಿ ಸಿಗುವುದು ಆ ಚೀಲದಿಂದ ಆಗದ ಕೆಲಸ. ಆರು ತಿಂಗಳು ಬಿಟ್ಟು ಕುಂಡದಲ್ಲಿ ಬೆರಳು ಚುಚ್ಚಿ ನೋಡಿ, ಸಲೀಸಾಗಿ ಇಳಿಯುತ್ತದೆ.

ಏನು ಬೆಳೆಯಬಹುದು ಅಂದರೆ, ಮಾಟುಂಗಾ ಮಾರ್ಕೆಟ್ಟಿನ ಬಸಳೆ ಕಟ್ಟಿನಲ್ಲಿ ಎಲೆ ಬಿಡಿಸಿಕೊಂಡು ಗಟ್ಟಿ ದಂಟನ್ನು ನೆಡಿ, ಬೇಗ ಬೇರು ಬಿಡುತ್ತದೆ. ಅಡುಗೆಮನೆಯಲ್ಲಿ ಮೊಳೆತ ಅರಿಶಿನ ಕೊಂಬನ್ನು ಮೇ ಕೊನೆಯಲ್ಲಿ ನೆಟ್ಟರೆ ನಾಗರಪಂಚಮಿಯ ಕಡುಬಿಗೆ ಎಲೆ ಮನೆಯಲ್ಲೇ ಸಿಗುತ್ತದೆ. ಆ ಹೊತ್ತಿಗೆ ಪೇಟೆಯಲ್ಲಿ ಅದರ ಬೆಲೆ ಏರುವುದು ಎಲ್ಲರಿಗೂ ಗೊತ್ತು.

ಮಳೆಗಾಲಕ್ಕೆ ಮೊದಲು

ಜೂನ್ ಎರಡನೇ ವಾರದ ಹೊತ್ತಿಗೆ ಮುಂಬೈಗೆ ಮಳೆ ಬರುತ್ತದೆ, ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಮೇ ತಿಂಗಳಲ್ಲಿ ಮೂರು ಕೆಲಸ ಮುಗಿಸಿ. ತಯಾರಾದ ಗೊಬ್ಬರವನ್ನು ಜರಡಿ ಹಿಡಿದು ಗೋಣಿಚೀಲದಲ್ಲಿ ನೆರಳಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಬೂಷ್ಟು ಹಿಡಿಯುತ್ತದೆ. ಎಲೆ ಚೀಲಗಳ ಬಾಯಿ ಗಟ್ಟಿ ಕಟ್ಟಿ ನೆಲದಿಂದ ಮೇಲಿಡಿ. ಡಬ್ಬವನ್ನು ಎರಚಲು ಬೀಳದ ಒಳ ಗೋಡೆಗೆ ಸರಿಸಿ. ಮಳೆಗಾಲದಲ್ಲಿ ಕುಂಡಕ್ಕೆ ಗೊಬ್ಬರ ಅರ್ಧಕ್ಕೆ ಇಳಿಸಿ, ಹಾಕಿದ್ದು ಸುರಿಮಳೆಗೆ ಕೊಚ್ಚಿ ಹೋಗುತ್ತದೆ.

ಮಳೆ ಶುರುವಾದ ಮೇಲೆ ಇದನ್ನು ಓದುತ್ತಿದ್ದೀರಿ, ಮನೆಯಲ್ಲಿ ಒಂದು ಒಣ ಎಲೆಯೂ ಇಲ್ಲ ಅಂದರೆ ಫೆಬ್ರವರಿವರೆಗೆ ಕಾಯಬೇಕಿಲ್ಲ. 650 ಗ್ರಾಮಿನ ಒಂದು ಕೋಕೋಪೀಟ್ ಇಟ್ಟಿಗೆ ತನ್ನಿ, ಸ್ವಲ್ಪವೇ ನೀರು ಚಿಮುಕಿಸಿ ಕೈಯಲ್ಲಿ ಉದುರಿಸಿ, ಹಳೆ ಪೇಪರ್ ಚೂರು ಮತ್ತು ಮೊಟ್ಟೆ ಟ್ರೇ ಸೇರಿಸಿ. ಮೊದಲ ಒಂದು ತಿಂಗಳು ಮನೆಯ ಅರ್ಧ ಸಿಪ್ಪೆಯನ್ನು ಮಾತ್ರ ಡಬ್ಬಕ್ಕೆ ಹಾಕಿ. ಕಲ್ಲಂಗಡಿ, ಸೋರೆಕಾಯಿ, ಸೌತೆಕಾಯಿಯಂಥ ನೀರು ತುಂಬಿದ್ದನ್ನು ಬಿಟ್ಟು ಬೀನ್ಸ್ ನಾರು, ಕ್ಯಾರೆಟ್ ಸಿಪ್ಪೆ, ಕಾಫಿ ಚರಟ, ಸೊಪ್ಪಿನ ದಂಟು ಇಷ್ಟರಲ್ಲೇ ಶುರು ಮಾಡಿ, ಉಳಿದದ್ದು ಸದ್ಯಕ್ಕೆ ಓಲಾ ಕಚರಾಕ್ಕೇ ಹೋಗಲಿ.